ಮಿದುಳಿನ ಕೋಶ ಬೆಳೆಸುವ ಅರಿಶಿನದ ಕ್ಯಾಪ್ಸೂಲ್: ಅರವತ್ತು ದಿನಗಳ ಬಳಕೆಯ ನಂತರ

ಪದವಿಪೂರ್ವ ಕಾಲೇಜಿನಲ್ಲಿ ಮೂರು ದಶಕ ಜೀವಶಾಸ್ತ್ರ ಕಲಿಸಿ ನಿವೃತ್ತಿ ಹೊಂದಿದ ಮೇಲೆ, ಹಳೆಯ ವಿದ್ಯಾರ್ಥಿಗಳು ದಾರಿಯಲ್ಲಿ ಸಿಕ್ಕಾಗ ಮುಖ ನೆನಪಿದ್ದು ಹೆಸರು ನಾಲಿಗೆಗೆ ಬಾರದ ಮುಜುಗರ ನನಗೆ ಕಳೆದೆರಡು ವರ್ಷಗಳಿಂದ ಹೆಚ್ಚಾಗಿದೆ. ಹೀಗಿರುವಾಗ ಮೊಬೈಲಿನಲ್ಲಿ ಪದೇಪದೇ ಕಾಣಿಸಿಕೊಳ್ಳುತ್ತಿದ್ದ ಒಂದು ಜಾಹೀರಾತಿಗೆ ಮನಸೋತು, ಅರಿಶಿನ ಮುಂತಾದ ಸಸ್ಯಗಳಲ್ಲಿರುವ ರಾಸಾಯನಿಕಗಳಾದ ಪಾಲಿಫಿನಾಲ್‌ಗಳ ಕ್ಯಾಪ್ಸೂಲ್‌ಗಳನ್ನು ಮೂರು ಬಾಟಲಿಗಳ ಕಟ್ಟಿನಲ್ಲಿ 2,997 ರೂಪಾಯಿ ಕೊಟ್ಟು ತರಿಸಿದೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಚ್ಚುಕಡಿಮೆ ಇದೇ ಮಿಶ್ರಣವನ್ನು, ಇದೇ ಮಾತುಗಳಲ್ಲಿ, ಹಲವು ಕಂಪನಿಗಳು ಮಾರುತ್ತಿರುವುದರಿಂದ ನಾನು ಹೇಳುವುದರಲ್ಲಿ ಬಹುಪಾಲು ಎಲ್ಲದಕ್ಕೂ ಹೊಂದುತ್ತದೆ.

ಮೊದಲು ವಸ್ತುವಿನ ಬಗ್ಗೆ. ಬಾಟಲಿಯೊಂದರಲ್ಲಿ ಅರವತ್ತು ಕ್ಯಾಪ್ಸೂಲ್‌ಗಳಿದ್ದು, ಊಟದ ನಂತರ ದಿನಕ್ಕೆರಡರಂತೆ ನುಂಗಬೇಕು. ಮುಚ್ಚಳದ ಮುದ್ರೆ ಗಟ್ಟಿಯಾಗಿತ್ತು, ತಯಾರಿಕೆಯ ದಿನಾಂಕ ಮತ್ತು ಪರವಾನಗಿ ಸಂಖ್ಯೆ ಸ್ಪಷ್ಟವಾಗಿದ್ದವು, ಹೊರಗಿನ ಕವಚ ಸಸ್ಯಮೂಲದ್ದು. ನುಂಗಲು ಕಷ್ಟವಿಲ್ಲ, ಆದರೆ ಒದ್ದೆ ಕೈಯಲ್ಲಿ ಮುಟ್ಟಿದರೆ ಬೆರಳು ಹಳದಿಯಾಗುತ್ತದೆ, ಮತ್ತು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡ ಒಂದೇ ಒಂದು ದಿನ ಎದೆಯುರಿ ಬಂದು ಸಂಜೆಯವರೆಗೂ ಬಿಡಲಿಲ್ಲ. ದಿನದ ಎರಡು ಕ್ಯಾಪ್ಸೂಲ್‌ಗಳಲ್ಲಿ 500 ಮಿಲಿಗ್ರಾಂ ಅರಿಶಿನದ ಸಾರ, ಅದರಲ್ಲಿ ಶೇಕಡ 95ರಷ್ಟು, ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ವರ್ಗದ ಸಂಯುಕ್ತಗಳು, 5 ಮಿಲಿಗ್ರಾಂ ಕರಿಮೆಣಸಿನ ಪೈಪರಿನ್, ಹಾಗೂ ಹಸಿರು ಚಹಾ, ಕೋಕೋ ಮತ್ತು ದ್ರಾಕ್ಷಿ ಸಿಪ್ಪೆಯ ರೆಸ್ವೆರಾಟ್ರಾಲ್ ಸೇರಿದ 300 ಮಿಲಿಗ್ರಾಂ ‘ಪಾಲಿಫಿನಾಲ್ ಮಿಶ್ರಣ’ ಇದೆ ಎಂದು ಚೀಟಿ ಹೇಳುತ್ತದೆ. ಕೊನೆಯ ಮೂರರಲ್ಲಿ ಯಾವುದು ಎಷ್ಟು ಎಂಬುದನ್ನು ಎಲ್ಲಿಯೂ ಬರೆದಿಲ್ಲ. ಅಡುಗೆಯವನು ಹುಳಿಗೆ ಏನೇನು ಹಾಕಿದ್ದೇನೆಂದು ಹೇಳಿ ಎಷ್ಟೆಷ್ಟು ಹಾಕಿದೆನೆಂಬುದನ್ನು ಮಾತ್ರ ಗುಟ್ಟಾಗಿಟ್ಟ ಹಾಗೆ.

ಚೀಟಿಯ ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿರುವ ಮಾತು ಇದು: ಹೊಸ ಮಿದುಳು ಕೋಶಗಳ ಹುಟ್ಟಿಗೆ ನೆರವು, ಪ್ರಯೋಗಾಲಯದಲ್ಲಿ ದೃಢಪಟ್ಟಿದೆ. ಹಿಂಭಾಗದಲ್ಲಿ, ಕನ್ನಡಕ ಹಾಕಿಕೊಂಡರಷ್ಟೇ ಕಾಣುವ ಅಕ್ಷರದಲ್ಲಿ, ‘ಔಷಧೀಯ ಬಳಕೆಗಲ್ಲ’ ಎಂದಿದೆ. ಎರಡನೆಯ ಸಾಲು ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮಗಳ ಪ್ರಕಾರ ಇಂಥ ಪೂರಕಗಳ ಮೇಲೆ ಇರಲೇಬೇಕಾದದ್ದು. ಮೊದಲನೆಯ ಸಾಲು ಎಲ್ಲಿಂದ ಬಂತೆಂದು ಹುಡುಕುವುದರಲ್ಲಿಯೇ ನನ್ನ ಅರವತ್ತು ದಿನಗಳ ಬಿಡುವಿನ ವೇಳೆ ಕಳೆಯಿತು.

ವಯಸ್ಸಾದ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುವುದೇ ಇಲ್ಲವೆಂದು ನಾನು ಸೇವೆಗೆ ಸೇರಿದ ಹೊಸದರಲ್ಲಿ ಮಕ್ಕಳಿಗೆ ಧೈರ್ಯವಾಗಿ ಬರೆಸುತ್ತಿದ್ದೆ. ಬೆಳೆದ ಇಲಿಗಳ ಹಿಪ್ಪೊಕ್ಯಾಂಪಸ್ ಎಂಬ, ನೆನಪಿಗೆ ಮುಖ್ಯವಾದ ಭಾಗದಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆಂದು ಜೋಸೆಫ್ ಆಲ್ಟ್‌ಮನ್ ಮತ್ತು ಗೋಪಾಲ್ ದಾಸ್ 1965ರಲ್ಲೇ ತೋರಿಸಿದ್ದರೂ ಅದನ್ನು ಬಹುಕಾಲ ಯಾರೂ ಲೆಕ್ಕಕ್ಕಿಡಲಿಲ್ಲ. 1998ರಲ್ಲಿ ಪೀಟರ್ ಎರಿಕ್ಸನ್, ಫ್ರೆಡ್ ಗೇಜ್ ಮತ್ತು ಸಂಗಡಿಗರು ಮನುಷ್ಯರಲ್ಲಿಯೂ ಹೀಗಾಗುವುದರ ಪುರಾವೆ ಕೊಟ್ಟರು. ಅಣುಬಾಂಬ್ ಪರೀಕ್ಷೆಗಳ ಕಾಲದಲ್ಲಿ ವಾತಾವರಣಕ್ಕೆ ಸೇರಿದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲವನ್ನು ಗಡಿಯಾರದಂತೆ ಬಳಸಿಕೊಂಡ 2013ರ ಅಧ್ಯಯನವೊಂದು, ಒಂದೊಂದು ಹಿಪ್ಪೊಕ್ಯಾಂಪಸ್ಸಿನಲ್ಲಿ ದಿನಕ್ಕೆ ಸುಮಾರು 700 ನರಕೋಶಗಳು ಸೇರುತ್ತವೆಂದು ಅಂದಾಜಿಸಿತು. ಆದರೆ 2018ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಎರಡು ಪ್ರಬಂಧಗಳು ಒಂದಕ್ಕೊಂದು ತಿರುಗಿಬಿದ್ದವು: ಬಾಲ್ಯ ಮುಗಿದ ಮೇಲೆ ಮನುಷ್ಯರಲ್ಲಿ ಇಂಥ ಕೋಶಗಳು ಕಾಣುವುದೇ ಇಲ್ಲವೆಂದು ಒಂದು, ಮುಪ್ಪಿನವರೆಗೂ ಹುಟ್ಟುತ್ತಲೇ ಇರುತ್ತವೆಂದು ಇನ್ನೊಂದು. ತೀರಿಕೊಂಡವರ ಮಿದುಳನ್ನು ಎಷ್ಟು ಬೇಗ, ಹೇಗೆ ಸಂರಕ್ಷಿಸಲಾಯಿತೆಂಬುದರ ಮೇಲೆಯೇ ಕಾಣುವುದೂ ಕಾಣದಿರುವುದೂ ನಿಂತಿದೆಯೆಂಬ ವಾದ ಈಗಲೂ ನಡೆದಿದೆ. ಹುಟ್ಟುತ್ತದೋ ಇಲ್ಲವೋ ಎಂದೇ ಪಂಡಿತರು ಜಗಳವಾಡುತ್ತಿರುವ ಕೋಶಗಳ ಹೆರಿಗೆ ಮಾಡಿಸುತ್ತೇನೆಂದು ಬಾಟಲಿಯೊಂದು ಹೇಳಿಕೊಳ್ಳುವುದು ಸ್ವಲ್ಪ ಅವಸರದ ಮಾತು.

ಆದರೂ ಆ ಮಾತು ಪೂರ್ತಿ ಕಟ್ಟುಕಥೆಯಲ್ಲ. ದಕ್ಷಿಣ ಕೊರಿಯಾದ ಪುಸಾನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಕೆಲಸವೇ ಇಂಥ ಜಾಹೀರಾತುಗಳ ಬೇರು ಎಂದು ನನಗೆ ತೋರುತ್ತದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಇಲಿಭ್ರೂಣದ ನರ ಪೂರ್ವಗಾಮಿ ಕೋಶಗಳಿಗೆ, ಅಂದರೆ ಮುಂದೆ ನರಕೋಶಗಳಾಗಬಲ್ಲ ಎಳೆಯ ಕೋಶಗಳಿಗೆ, ಕರ್ಕ್ಯುಮಿನ್ ಹಾಕಿದಾಗ ಅವುಗಳ ವಿಭಜನೆ ಹೆಚ್ಚಿತು; ಬೆಳೆದ ಇಲಿಗಳಿಗೆ ಕೊಟ್ಟಾಗ ಹಿಪ್ಪೊಕ್ಯಾಂಪಸ್ಸಿನಲ್ಲಿ ಹೊಸ ಕೋಶಗಳ ಸಂಖ್ಯೆಯೂ ಏರಿತು. ಕೋಶದೊಳಗೆ ‘ವಿಭಜನೆಯಾಗು’ ಎಂಬ ಸಂಕೇತವನ್ನು ಕೈಯಿಂದ ಕೈಗೆ ದಾಟಿಸುವ ಕೆಲವು ಕಿಣ್ವಗಳು ಇದರಿಂದ ಚುರುಕಾಗುತ್ತವೆಂದು ಅವರು ತೋರಿಸಿದರು. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ, ಅದು ಚೀಟಿಯ ಮೇಲೆ ಬಂದಿಲ್ಲ: ಕರ್ಕ್ಯುಮಿನ್ ಕಡಿಮೆ ಸಾಂದ್ರತೆಯಲ್ಲಿದ್ದಾಗ ಮಾತ್ರ ಕೋಶಗಳು ಹೆಚ್ಚಿದವು, ಸಾಂದ್ರತೆ ಏರಿದಾಗ ಅದೇ ಕೋಶಗಳು ಸತ್ತವು.

ಇದು ಆಶ್ಚರ್ಯದ ಸಂಗತಿಯಲ್ಲ. ಪಾಲಿಫಿನಾಲ್‌ಗಳನ್ನು ಸಸ್ಯಗಳು ನಮಗಾಗಿ ತಯಾರಿಸಿಕೊಂಡದ್ದಲ್ಲ. ಬಿಸಿಲು, ಬೂಷ್ಟು, ಕೀಟ, ಮೇಯುವ ಬಾಯಿಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ತಯಾರಿಸಿಕೊಂಡದ್ದು. ಅಡಿಕೆಯ ಒಗರು, ಚಹಾದ ಒಗರು, ನೇರಳೆ ಹಣ್ಣಿನ ಬಣ್ಣ ಎಲ್ಲವೂ ಈ ಗುಂಪಿನದ್ದೇ. ಇವುಗಳಲ್ಲಿ ಹಲವು, ಸಣ್ಣ ಪ್ರಮಾಣದಲ್ಲಿ ಕೋಶವನ್ನು ತುಸು ಕೆಣಕಿ, ಅದು ತನ್ನದೇ ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸಿಕೊಳ್ಳುವಂತೆ ಮಾಡುತ್ತವೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಹಾಗಾಗಿ ಇಲ್ಲಿ ಎಷ್ಟು ಎಂಬ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು, ಮತ್ತು ಈ ಬಾಟಲಿ ಬಾಯಿಬಿಡದಿರುವುದೂ ಅದೇ ಪ್ರಶ್ನೆಗೆ.

ಗುಟ್ಟಾಗಿಟ್ಟ ಆ ಮಿಶ್ರಣದಲ್ಲಿ ರೆಸ್ವೆರಾಟ್ರಾಲ್ ಇರುವುದು ನನಗೆ ಇನ್ನೂ ವಿಚಿತ್ರವಾಗಿ ಕಂಡಿತು. ಕರ್ಕ್ಯುಮಿನ್ ಬಗ್ಗೆ ಒಳ್ಳೆಯ ಸುದ್ದಿ ಕೊಟ್ಟ ಪುಸಾನ್‌ನಿಂದಲೇ 2012ರಲ್ಲಿ ಬಂದ ಮತ್ತೊಂದು ಪ್ರಬಂಧ, ರೆಸ್ವೆರಾಟ್ರಾಲ್ ನರ ಪೂರ್ವಗಾಮಿ ಕೋಶಗಳ ವಿಭಜನೆಯನ್ನು ತಡೆಯುತ್ತದೆ, ಇಲಿಗಳ ಹಿಪ್ಪೊಕ್ಯಾಂಪಸ್ಸಿನಲ್ಲಿ ಹೊಸ ಕೋಶಗಳ ಹುಟ್ಟನ್ನು ಕುಗ್ಗಿಸುತ್ತದೆ ಎಂದು ಹೇಳಿತು. ವಯಸ್ಸಾದ ಇಲಿಗಳ ಮೇಲೆ ಬೇರೆಯವರು ಮುಂದೆ ನಡೆಸಿದ ಪ್ರಯೋಗದಲ್ಲಿ ಇದಕ್ಕೆ ವಿರುದ್ಧವಾದ, ಅನುಕೂಲಕರ ಫಲಿತಾಂಶ ಬಂದಿರುವುದೂ ಉಂಟು. ಇಲಿಯ ವಯಸ್ಸು, ಕೊಟ್ಟ ಪ್ರಮಾಣ, ಕೊಟ್ಟ ರೀತಿ ಬದಲಾದರೆ ಉತ್ತರವೂ ಬದಲಾಗುತ್ತದೆ. ಎತ್ತನ್ನು ಮುಂದಕ್ಕೂ ಕೋಣವನ್ನು ಹಿಂದಕ್ಕೂ ಕಟ್ಟಿದ ಗಾಡಿಯಂತಿರಬಹುದಾದ ಈ ಮಿಶ್ರಣವನ್ನು ಒಟ್ಟಾಗಿ ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂದು ಕಂಪನಿಗೆ ಬರೆದು ಕೇಳಿದೆ. ಅದಕ್ಕೆ ಬಂದ ಉತ್ತರವನ್ನು ಮುಂದೆ ಹೇಳುತ್ತೇನೆ.

ಚೀಟಿಯ ಮತ್ತೊಂದು ಘೋಷಣೆ, ಮೆಣಸು ಸೇರಿರುವುದರಿಂದ ಇಪ್ಪತ್ತು ಪಟ್ಟು ಹೀರಿಕೆ ಎಂಬುದು. ಇದರ ಮೂಲ ನಮ್ಮ ಬೆಂಗಳೂರಿನದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಅದು ಸಿಗಲಿಲ್ಲ, ಇಲ್ಲವೇ ತೀರಾ ಅತ್ಯಲ್ಪವಾಗಿ ಸಿಕ್ಕಿತು. 20 ಮಿಲಿಗ್ರಾಂ ಪೈಪರಿನ್ ಜೊತೆಗೆ ಕೊಟ್ಟಾಗ ಮೊದಲ ಒಂದು ಗಂಟೆಯೊಳಗೆ ಮಟ್ಟ ಬಹಳ ಏರಿ, ಒಟ್ಟು ಲಭ್ಯತೆ ಶೇಕಡ 2000ದಷ್ಟಾಯಿತು. ಇದೇ ಅಧ್ಯಯನದ ಇಲಿಗಳಲ್ಲಿ ಆ ಸಂಖ್ಯೆ ಶೇಕಡ 154 ಮಾತ್ರ. ಈ ಕ್ಯಾಪ್ಸೂಲ್‌ನಲ್ಲಿ ನೂರಕ್ಕೊಂದರ ಅದೇ ಅನುಪಾತವಿದೆ, ಆದರೆ ಒಟ್ಟು ಪ್ರಮಾಣ ಅದರ ಕಾಲು ಭಾಗ. ಅಂದಹಾಗೆ, ಏನೂ ಇಲ್ಲವೆನ್ನುವಷ್ಟಿದ್ದದ್ದರ ಇಪ್ಪತ್ತು ಪಟ್ಟು ಎಷ್ಟಾಗುತ್ತದೆಂದು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು. ಕರುಳಿನ ಗೋಡೆ ಮತ್ತು ಯಕೃತ್ತು ಕರ್ಕ್ಯುಮಿನ್‌ಗೆ ಬೇರೊಂದು ಅಣುವನ್ನು ಅಂಟಿಸಿ ಹೊರಹಾಕಲು ಸಜ್ಜುಗೊಳಿಸುವ ಕೆಲಸವನ್ನು ಪೈಪರಿನ್ ತಡವಾಗಿಸುತ್ತದೆ, ಅಷ್ಟೆ. ರಕ್ತದಿಂದ ಮಿದುಳಿಗೆ ದಾಟಲು ಇರುವ ತಡೆಗೋಡೆ ಬೇರೆಯೇ ಇದೆ. ತಟ್ಟೆಯಲ್ಲಿ ಕೋಶದ ಮೈಮೇಲೆ ನೇರವಾಗಿ ಬಿದ್ದ ಕರ್ಕ್ಯುಮಿನ್‌ಗೂ ನನ್ನ ಹೊಟ್ಟೆಗೆ ಬಿದ್ದ ಕರ್ಕ್ಯುಮಿನ್‌ಗೂ ನಡುವಿನ ದೂರ ಇಷ್ಟು.

ಕೋಕೋ ಬಗ್ಗೆ ನಡೆದಿರುವ ಕೆಲಸ ಕರ್ಕ್ಯುಮಿನ್‌ಗಿಂತ ಗಟ್ಟಿಯಾಗಿದೆ. 2014ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು 50ರಿಂದ 69 ವರ್ಷದವರಿಗೆ ಮೂರು ತಿಂಗಳು ದಿನಕ್ಕೆ 900 ಮಿಲಿಗ್ರಾಂ ಫ್ಲೇವನಾಲ್ ಎಂಬ ಕೋಕೋ ಪಾಲಿಫಿನಾಲ್ ಕೊಟ್ಟು, ಹಿಪ್ಪೊಕ್ಯಾಂಪಸ್ಸಿನ ಒಂದು ನಿರ್ದಿಷ್ಟ ಭಾಗದ ಚಟುವಟಿಕೆ ಹೆಚ್ಚಿದ್ದನ್ನು ಸ್ಕ್ಯಾನ್‌ನಲ್ಲಿ ಕಂಡರು. ಪಾಲ್ಗೊಂಡವರು ಮೂವತ್ತೇಳೇ ಮಂದಿ, ಮತ್ತು ಹಣದಲ್ಲಿ ಒಂದು ಭಾಗ ಚಾಕೊಲೇಟ್ ಕಂಪನಿಯದು. ಆಮೇಲೆ ಅಮೆರಿಕದಲ್ಲಿ ನಡೆದ ಕಾಸ್ಮಾಸ್ ಎಂಬ ದೊಡ್ಡ ಅಧ್ಯಯನದ ಭಾಗವಾಗಿ 3,562 ಹಿರಿಯರಿಗೆ ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ ಅಥವಾ ಹುಸಿಮಾತ್ರೆ ಕೊಟ್ಟು ಮೂರು ವರ್ಷ ಗಮನಿಸಿದಾಗ, 2023ರಲ್ಲಿ ಪ್ರಕಟವಾದಂತೆ, ಒಟ್ಟು ಗುಂಪಿನಲ್ಲಿ ನೆನಪು ಗಮನಾರ್ಹವಾಗಿ ಸುಧಾರಿಸಲಿಲ್ಲ. ಮೊದಲೇ ಹಣ್ಣು ತರಕಾರಿ ಕಡಿಮೆ ತಿನ್ನುತ್ತಿದ್ದು, ಆಹಾರದಲ್ಲಿ ಫ್ಲೇವನಾಲ್ ಕೊರತೆಯಿದ್ದವರಲ್ಲಿ ಮಾತ್ರ ಸುಧಾರಣೆ ಕಂಡಿತು. ಈಗ ಬಾಟಲಿಯ ಲೆಕ್ಕಕ್ಕೆ ಬರೋಣ. ಮೂರು ಸಾರಗಳೂ ಸೇರಿ 300 ಮಿಲಿಗ್ರಾಂ ಎಂದ ಮೇಲೆ, ಬೇರೆ ಎರಡನ್ನು ಪೂರ್ತಿ ತೆಗೆದುಹಾಕಿದರೂ ಕೋಕೋ ಫ್ಲೇವನಾಲ್ 500 ಮಿಲಿಗ್ರಾಂ ಆಗಲು ಸಾಧ್ಯವೇ ಇಲ್ಲ. ಚೀಟಿಯ ಮೇಲೆ ಹೆಸರಿರಲೆಂದು ಚಿಟಿಕೆ ಕೋಕೋ ಹಾಕಿದಂತಿದೆ. ಪುತ್ತೂರು, ಸುಳ್ಯದ ಅಡಿಕೆ ತೋಟಗಳ ನೆರಳಿನಲ್ಲಿ ಕೋಕೋ ಬೆಳೆಯುವ ನನ್ನ ನೆಂಟರು ಇದನ್ನು ಕೇಳಿ ನಕ್ಕರು. ಬೀಜವನ್ನು ಹುದುಗಿಸಿ, ಹುರಿದು, ಕ್ಷಾರ ಹಾಕಿ ಸಂಸ್ಕರಿಸುವಾಗ ಫ್ಲೇವನಾಲ್‌ನ ಬಹುಪಾಲು ಹೋಗಿಬಿಡುವುದರಿಂದ ಮಾಮೂಲಿ ಚಾಕೊಲೇಟಿನ ಮೇಲೆಯೂ ಆಸೆ ಇಟ್ಟುಕೊಳ್ಳುವಂತಿಲ್ಲ.

ಕರ್ಕ್ಯುಮಿನ್‌ನ ಮಾನವ ಪ್ರಯೋಗಗಳು ಒಂದೇ ದಾರಿಯಲ್ಲಿ ಸಾಗಿಲ್ಲ. ಅಲ್ಝೈಮರ್ ಕಾಯಿಲೆ ಇರುವವರಿಗೆ ದಿನಕ್ಕೆ 2 ಅಥವಾ 4 ಗ್ರಾಂ ಕೊಟ್ಟ 24 ವಾರಗಳ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು, ಪ್ರಯೋಜನ ಕಾಣಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮರೆಗುಳಿತನ ಇಲ್ಲದ ನಲವತ್ತು ಮಂದಿಗೆ, ಸುಲಭವಾಗಿ ಹೀರಿಕೊಳ್ಳುವಂತೆ ವಿಶೇಷವಾಗಿ ತಯಾರಿಸಿದ ಕರ್ಕ್ಯುಮಿನ್ ಅನ್ನು 90 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ ಹದಿನೆಂಟು ತಿಂಗಳು ಕೊಟ್ಟ ಪ್ರಯೋಗದಲ್ಲಿ ನೆನಪು ಉತ್ತಮಗೊಂಡಿತೆಂದು 2018ರಲ್ಲಿ ವರದಿಯಾಯಿತು. ಆ ತಯಾರಿಕೆ ಬೇರೆ, ನನ್ನ ಬಾಟಲಿಯಲ್ಲಿರುವುದು ಬೇರೆ. ಆದರೆ ಕಂಪನಿಯ ಪುಟದಲ್ಲಿ ಆ ಫಲಿತಾಂಶವನ್ನೇ ತಮ್ಮದೆಂಬಂತೆ ಹಾಕಿಕೊಂಡಿದ್ದಾರೆ. ಇದರ ನಡುವೆ 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ತಂಡವೊಂದು ಕರ್ಕ್ಯುಮಿನ್ ಅಸ್ಥಿರ, ಬೇಗ ಒಡೆದುಹೋಗುವ, ಬಣ್ಣ ಮತ್ತು ಅಂಟುಗುಣದಿಂದ ಅನೇಕ ಪರೀಕ್ಷೆಗಳಿಗೇ ಸುಳ್ಳು ಉತ್ತರ ಕೊಡಿಸಬಲ್ಲ ಸಂಯುಕ್ತವೆಂದು ಖಾರವಾಗಿ ಬರೆಯಿತು. ನನಗೆ ಆ ಟೀಕೆ ಸ್ವಲ್ಪ ಅತಿಯಾಯಿತೆನಿಸಿದರೂ, ‘ಪ್ರಯೋಗಾಲಯದಲ್ಲಿ ದೃಢಪಟ್ಟಿದೆ’ ಎಂಬ ಮಾತನ್ನು ಓದುವ ನನ್ನ ರೀತಿ ಅದರಿಂದ ಬದಲಾಯಿತು.

ಇನ್ನು ನನ್ನ ಮೇಲೆ ಏನಾಯಿತೆಂಬುದು. ಸುಮ್ಮನೆ ‘ಚುರುಕಾದ ಹಾಗಿದೆ’ ಎಂದು ಬರೆಯಬಾರದೆಂದು ಒಂದು ಸಣ್ಣ ವ್ಯವಸ್ಥೆ ಮಾಡಿಕೊಂಡಿದ್ದೆ. ಪ್ರತಿ ಭಾನುವಾರ ಬೆಳಿಗ್ಗೆ ಮೊಮ್ಮಗಳು ನಿಘಂಟಿನಿಂದ ಹದಿನಾರು ಪದಗಳನ್ನು ಆರಿಸಿ ಓದುವುದು, ಇಪ್ಪತ್ತು ನಿಮಿಷ ಕಾಫಿ ಕುಡಿದು ಪತ್ರಿಕೆ ಓದಿದ ಮೇಲೆ ನಾನು ನೆನಪಿದ್ದಷ್ಟನ್ನು ಬರೆಯುವುದು. ಮೊದಲ ವಾರ ಎಂಟು ಪದ ಬರೆದೆ, ಒಂಬತ್ತನೆಯ ವಾರ ಹನ್ನೊಂದು. ಸಂತೋಷಪಡುವ ಮೊದಲು ಒಂದು ವಿಷಯ ಹೇಳಬೇಕು: ಇದೇ ಆಟಕ್ಕೆ ಕುಳಿತ, ಒಂದು ಕ್ಯಾಪ್ಸೂಲನ್ನೂ ಮುಟ್ಟದ ನಮ್ಮ ಮನೆಯವರು ಏಳರಿಂದ ಹತ್ತಕ್ಕೆ ಏರಿದರು. ಪದಗಳನ್ನು ಜೋಡಿಸಿ ಕಥೆ ಕಟ್ಟಿಕೊಳ್ಳುವ ಉಪಾಯ ಇಬ್ಬರಿಗೂ ಮೂರನೆಯ ವಾರದ ಹೊತ್ತಿಗೆ ಹೊಳೆದಿತ್ತು. ದಾರಿಯಲ್ಲಿ ಸಿಕ್ಕ ವಿದ್ಯಾರ್ಥಿಗಳ ಹೆಸರುಗಳು ಮೊದಲಿನಂತೆಯೇ ಕೈಕೊಡುತ್ತಿವೆ. ಇಬ್ಬರ ಭಾನುವಾರದ ಆಟದಿಂದ ವಿಜ್ಞಾನ ಆಗುವುದಿಲ್ಲವೆಂಬುದು ನನಗೆ ಗೊತ್ತಿದೆ, ಆದರೆ ಮಾರಾಟದ ಪುಟದಲ್ಲಿ ಐದು ನಕ್ಷತ್ರ ಕೊಟ್ಟವರಲ್ಲಿ ಹೆಚ್ಚಿನವರು ಇಷ್ಟನ್ನೂ ಮಾಡಿರಲಾರರು.

ಸುರಕ್ಷತೆಯ ವಿಷಯದಲ್ಲಿ ಚೀಟಿ ತೋರಿಸುವ ಉದಾಸೀನ ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದಿತು. ‘ನೂರಕ್ಕೆ ನೂರು ನೈಸರ್ಗಿಕ, ಅಡ್ಡಪರಿಣಾಮವಿಲ್ಲ’ ಎಂದು ಬರೆದಿದ್ದಾರೆ. ಇಟಲಿಯಲ್ಲಿ 2019ರಲ್ಲಿ ಅರಿಶಿನದ ಪೂರಕಗಳನ್ನು ತೆಗೆದುಕೊಂಡ ಹಲವರಿಗೆ ಯಕೃತ್ತಿನ ಉರಿಯೂತ ಕಾಣಿಸಿಕೊಂಡು ಅಲ್ಲಿನ ಸರ್ಕಾರ ಎಚ್ಚರಿಕೆ ಕೊಡಬೇಕಾಯಿತು. ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಅಂಥದೇ ಸೂಚನೆ ಹೊರಡಿಸಿತು. ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಅಮೆರಿಕದ ಜಾಲವೊಂದು ಅರಿಶಿನಕ್ಕೆ ಸಂಬಂಧಿಸಿದ ಹತ್ತು ಪ್ರಕರಣಗಳನ್ನು ವಿವರಿಸಿದಾಗ ಅವರಲ್ಲಿ ಏಳು ಮಂದಿಯಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಒಂದೇ ಬಗೆಯ ಜೀನ್ ಇತ್ತು, ಒಬ್ಬರು ತೀರಿಕೊಂಡಿದ್ದರು. ಹಸಿರು ಚಹಾದ ಸಾರದ ಬಗ್ಗೆಯೂ, ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ, ಅಂದರೆ ಹಸಿರು ಚಹಾದ ಮುಖ್ಯ ಪಾಲಿಫಿನಾಲ್, ಪೂರಕದ ರೂಪದಲ್ಲಿ ಹೋದರೆ ಯಕೃತ್ತಿನ ಕಿಣ್ವಗಳು ಏರುತ್ತವೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ. ನ್ಯಾಯವಾಗಿ ಹೇಳಬೇಕೆಂದರೆ ಈ ಬಾಟಲಿಯ ಪ್ರಮಾಣ ಆ ಗಡಿಯಿಂದ ಬಹಳ ಕೆಳಗಿದೆ. ಇಂಥ ಹಾನಿ ಅಪರೂಪದ್ದು. ನಾನು ಬಳಕೆಯ ಮೊದಲೂ ಕೊನೆಗೂ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿಕೊಂಡೆ, ಎರಡೂ ಸರಿಯಾಗಿದ್ದವು. ಆದರೆ ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ನಿಲ್ಲಿಸಿ ವೈದ್ಯರನ್ನು ಕಾಣಿರಿ ಎಂಬ ಒಂದು ಸಾಲಿಗೆ ಆ ಚೀಟಿಯಲ್ಲಿ ಜಾಗವಿರಲಿಲ್ಲವೇ?

ಮೆಣಸಿನ ಸಾರದ ವಿಷಯ ಇನ್ನೂ ಸೂಕ್ಷ್ಮ. ಕರ್ಕ್ಯುಮಿನ್ ಹೊರಹೋಗುವುದನ್ನು ತಡವಾಗಿಸುವ ಪೈಪರಿನ್ ಇತರ ಔಷಧಗಳನ್ನೂ ಹಾಗೆಯೇ ತಡವಾಗಿಸಬಲ್ಲದು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡುವ ಥಿಯೊಫಿಲಿನ್ ಇವುಗಳ ಮಟ್ಟ ರಕ್ತದಲ್ಲಿ ಏರುವುದನ್ನು ಭಾರತದ ಸಂಶೋಧಕರೇ ತೋರಿಸಿದ್ದಾರೆ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳದೆ ಇದರ ಹತ್ತಿರ ಹೋಗಬಾರದು. ಗರ್ಭಿಣಿಯರ ಬಗ್ಗೆ ಚೀಟಿಯಲ್ಲಿ ಹೆಸರಿಗೆ ಒಂದು ಸಾಲಿದೆ. ಭ್ರೂಣದ ನರ ಪೂರ್ವಗಾಮಿ ಕೋಶಗಳ ಮೇಲೆ ಪ್ರಮಾಣಕ್ಕೆ ತಕ್ಕಂತೆ ಪೋಷಿಸುವ ಮತ್ತು ಕೊಲ್ಲುವ ಎರಡೂ ಗುಣ ತೋರಿದ ವಸ್ತುವಿಗೆ ಅದು ಸಾಲದು.

ಬೆಲೆಯ ಲೆಕ್ಕ ದಿನಕ್ಕೆ 33 ರೂಪಾಯಿ 30 ಪೈಸೆಯಾಗುತ್ತದೆ. ಇದಕ್ಕೆ ಬದಲು ಅಡುಗೆಮನೆಯ ಅರಿಶಿನವೇ ಸಾಕೆಂದು ಕೆಲವರು ಹೇಳುವುದನ್ನೂ ನಾನು ಒಪ್ಪುವುದಿಲ್ಲ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ತೂಕದ ಶೇಕಡ 3ರ ಆಸುಪಾಸಿನಲ್ಲಿರುವುದರಿಂದ ಈ ಕ್ಯಾಪ್ಸೂಲ್‌ಗಳ ಒಂದು ದಿನದ ಪ್ರಮಾಣಕ್ಕೆ ಸುಮಾರು 16 ಗ್ರಾಂ ಪುಡಿ ಬೇಕು, ಅಷ್ಟು ಹಾಕಿದ ಸಾರನ್ನು ಮನೆಯಲ್ಲಿ ಯಾರೂ ಬಾಯಿಗಿಡುವುದಿಲ್ಲ. ಮೇಲಾಗಿ, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು 2007ರಲ್ಲಿ ಅಳೆದು ತೋರಿಸಿದಂತೆ ಬೇಯಿಸುವಾಗ ಕರ್ಕ್ಯುಮಿನ್‌ನ ಶೇಕಡ 27ರಿಂದ 53 ಹೋಗುತ್ತದೆ, ಕುಕ್ಕರ್‌ನಲ್ಲಿ ಹತ್ತು ನಿಮಿಷ ಬೇಯಿಸಿದರೆ ಅತಿ ಹೆಚ್ಚು; ಹುಣಸೆಹುಳಿ ಇದ್ದಾಗ ಮಾತ್ರ ನಷ್ಟ ಶೇಕಡ 12ರಿಂದ 30ಕ್ಕೆ ಇಳಿಯುತ್ತದೆ. ಹುಳಿ ಹಿಂಡಿದ ಮೇಲೆ ಅರಿಶಿನ ಹಾಕು ಎನ್ನುತ್ತಿದ್ದ ನಮ್ಮ ಅತ್ತೆಯವರನ್ನು ಇದನ್ನೋದಿದಾಗ ನೆನೆದುಕೊಂಡೆ. ಹಿಪ್ಪೊಕ್ಯಾಂಪಸ್ ಬಗ್ಗೆ ಚಿಂತೆ ಇರುವವರಿಗೆ ನಡಿಗೆಯ ಪರವಾದ ಪುರಾವೆ ಇದಕ್ಕಿಂತ ಚೆನ್ನಾಗಿದೆ: ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷ ವಾರಕ್ಕೆ ಮೂರು ದಿನ ಚುರುಕಾಗಿ ನಡೆದವರ ಹಿಪ್ಪೊಕ್ಯಾಂಪಸ್ ಸುಮಾರು ಶೇಕಡ 2ರಷ್ಟು ಹಿಗ್ಗಿತು. ಕುಕ್ಕರಹಳ್ಳಿ ಕೆರೆಯ ಏರಿ ನನ್ನ ಮನೆಯಿಂದ ದೂರವಿಲ್ಲ.

ಕಂಪನಿಯ ಸೇವೆಯ ಬಗ್ಗೆ ಎರಡು ಮಾತು. ಪಾರ್ಸೆಲ್ ನಾಲ್ಕೇ ದಿನದಲ್ಲಿ ಬಂತು, ತಂದ ಹುಡುಗ ಮರ್ಯಾದಸ್ಥ. ಮಿಶ್ರಣದ ಪ್ರತ್ಯೇಕ ಪ್ರಮಾಣಗಳು, ನಾನು ಕೊಂಡ ಕಂತಿನ ಸೀಸ ಮತ್ತು ಇತರ ಲೋಹಗಳ ಪರೀಕ್ಷಾ ವರದಿ, ಈ ಮಿಶ್ರಣದ ಮೇಲೆಯೇ ನಡೆದ ಅಧ್ಯಯನ ಇವು ಮೂರನ್ನು ಕೇಳಿ ಬರೆದ ಪತ್ರಕ್ಕೆ ಹನ್ನೊಂದು ದಿನಗಳ ನಂತರ ಬಂದದ್ದು ಬಣ್ಣದ ಚಿತ್ರಗಳಿದ್ದ ಜಾಹೀರಾತಿನ ಪುಸ್ತಿಕೆ. ಲೋಹದ ವರದಿಯನ್ನು ನಾನು ಹಟಕ್ಕೆ ಕೇಳಿದ್ದಲ್ಲ. ಹಳದಿ ಹೊಳಪಿಗೆಂದು ಅರಿಶಿನಕ್ಕೆ ಸೀಸದ ಕ್ರೋಮೇಟ್ ಬೆರೆಸುವ ದಂಧೆ ಬಾಂಗ್ಲಾದೇಶದಲ್ಲಿ 2019ರಲ್ಲಿ ಬಯಲಾಗಿ, ಅಲ್ಲಿನ ಸರ್ಕಾರ ಕಠಿಣ ಕ್ರಮ ಕೈಗೊಂಡು ಎರಡೇ ವರ್ಷಗಳಲ್ಲಿ ಅದನ್ನು ಮಟ್ಟಹಾಕಿತು. ಮಿದುಳಿನ ಬೆಳವಣಿಗೆಗೆ ಸೀಸದಷ್ಟು ಕೆಟ್ಟದ್ದು ಇನ್ನೊಂದಿಲ್ಲವಾದ್ದರಿಂದ, ಮಿದುಳಿನ ಹೆಸರಿನಲ್ಲಿ ಅರಿಶಿನ ಮಾರುವವರು ಕೇಳುವ ಮೊದಲೇ ತೋರಿಸಬೇಕಾದ ಕಾಗದ ಅದು. ಮತ್ತೆ ಬರೆದೆ, ಅದೇ ಪುಸ್ತಿಕೆ ಮತ್ತೆ ಬಂತು.

ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ: ಒಂದು ಕರ್ಕ್ಯುಮಿನ್ ಮತ್ತು ಪೈಪರಿನ್ ಪ್ರಮಾಣವನ್ನಾದರೂ ಬರೆದದ್ದಕ್ಕೆ, ಇನ್ನೊಂದು ಕಟ್ಟಿನ ಅಚ್ಚುಕಟ್ಟಿಗೆ. ಹಿಂದಿರುಗಿಸುವ ಅವಧಿ ಮೂವತ್ತು ದಿನ ಮಾತ್ರವಾದ್ದರಿಂದ ಮೂರನೆಯ ಬಾಟಲಿ ಮುದ್ರೆ ಒಡೆಯದೆ ಫ್ರಿಜ್ಜಿನ ಮೇಲೆ ಉಳಿದಿದೆ. ಕಳೆದ ವಾರ ಮನೆಗೆ ಬಂದ ತಮ್ಮ, ‘ಅಕ್ಕಾ, ನೀನು ತಗೊಳ್ಳೋದಿಲ್ಲ ಅಂದ್ರೆ ನನಗಾದ್ರೂ ಕೊಡು, ದುಡ್ಡು ಯಾಕೆ ಹಾಳಾಗ್ಬೇಕು’ ಎಂದ. ಅವನು ಹನ್ನೆರಡು ವರ್ಷಗಳಿಂದ ಫೆನಿಟಾಯಿನ್ ಮೇಲಿದ್ದಾನೆ. ಕಾಫಿ ಕೊಟ್ಟು ಕಳಿಸಿದೆ.